ಮಸಾಜ್ ಮಾಡಿಸಿಕೊಳ್ಳುವ ಮೊದಲು: ಯಾವ ನೋವಿಗೆ ಯಾವ ಕೈ

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಡಿಕೆ ಸುಲಿಯುವ ಹೆಂಗಸರು, ಮರ ಹತ್ತುವ ಕೊನೆಗಾರರು, ಬಸ್ ಡ್ರೈವರುಗಳು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗರು, ಬಾಣಂತಿಯರು, ಅವರನ್ನು ಕರೆದುಕೊಂಡು ಬರುವ ಅಮ್ಮಂದಿರು, ಹೀಗೆ ಎಲ್ಲ ಥರದವರೂ ಬರುತ್ತಾರೆ. "ಮೇಡಂ, ಒಂದು ಒಳ್ಳೆ ಮಸಾಜ್ ಹೇಳಿ" ಅಂತ ಕೇಳದವರೇ ಕಮ್ಮಿ. ಪೇಟೆಯಲ್ಲಿ ಈಗ ಬೋರ್ಡುಗಳಿಗೆ ಬರವಿಲ್ಲ. ಕೇರಳ ಆಯುರ್ವೇದ, ಸ್ವೀಡಿಶ್, ಡೀಪ್ ಟಿಶ್ಯೂ, ಥಾಯ್, ಅರೋಮಾ, ಫುಟ್ ರಿಫ್ಲೆಕ್ಸಾಲಜಿ. ಹೆಸರು ನೋಡಿಯೇ ಜನ ಗೊಂದಲಕ್ಕೆ ಬೀಳುತ್ತಾರೆ. ಕೊನೆಗೆ ಯಾವುದು ದುಬಾರಿಯೋ, ಯಾವುದು ಜೋರಾಗಿ ಒತ್ತುತ್ತಾರೋ ಅದೇ ಒಳ್ಳೆಯದಿರಬೇಕು ಅಂದುಕೊಂಡು ಒಳಗೆ ಹೋಗುತ್ತಾರೆ.

ಎಲ್ಲರಿಗೂ ಒಪ್ಪುವ ಮಸಾಜ್ ಅಂತ ಒಂದಿಲ್ಲ. ನಿಮ್ಮ ಇವತ್ತಿನ ಮೈಗೆ ಯಾವುದು ಒಪ್ಪುತ್ತದೆ ಅನ್ನುವುದೇ ಮುಖ್ಯ. ಹೋದ ತಿಂಗಳು ಹಿತವಾಗಿದ್ದದ್ದು ಈ ತಿಂಗಳು ತೊಂದರೆ ಕೊಡಬಹುದು. ಅದಕ್ಕೇ ನಾನು ಹೇಳುವ ಕ್ರಮ ಇದು: ಮಸಾಜ್ ಮಾಡಿಸಬಹುದೋ ಇಲ್ಲವೋ ಅನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದು ಯಾಕೆ ಬೇಕು ಅನ್ನುವುದನ್ನು, ಆಮೇಲೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವುದನ್ನು. ಬೋರ್ಡಿನ ಮೇಲಿನ ಹೆಸರು ಕೊನೆಗೆ ಬರಲಿ.

ಕೈ ಹಾಕಲೇಬಾರದ ಹೊತ್ತು

ಹೆರಿಗೆಯಾಗಿ ತಿಂಗಳು ತುಂಬದ ಹುಡುಗಿಯೊಬ್ಬಳನ್ನು ಅವಳ ಅಮ್ಮ ಕರೆತಂದಿದ್ದರು. ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ, ಮನೆಯಲ್ಲಿ ಎಣ್ಣೆ ಹಾಕಿ ತಿಕ್ಕಿದರೂ ಬಿಡಲಿಲ್ಲ, ನೀವು ಸ್ವಲ್ಪ ಗಟ್ಟಿಯಾಗಿ ಒತ್ತಿಕೊಡಿ ಅಂತ. ಮುಟ್ಟಿ ನೋಡಿದೆ, ಆ ಕಾಲು ಬಿಸಿಯಾಗಿತ್ತು. ಮಂಡಿಯ ಕೆಳಗಿನ ಮೂಳೆಯ ಗುಬುಟಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಗುರುತು ಹಾಕಿ ಎರಡೂ ಕಾಲಿಗೆ ಟೇಪ್ ಸುತ್ತಿದೆ. ಎಡಗಾಲು ಮೂರು ಸೆಂಟಿಮೀಟರಿಗೂ ಹೆಚ್ಚು ದಪ್ಪವಿತ್ತು. ನಾನು ಒತ್ತಲಿಲ್ಲ. ಆಗಲೇ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತನಾಳದೊಳಗೆ ಹೆಪ್ಪು ಕಂಡಿತು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥ ಕಾಲನ್ನು ತಿಕ್ಕುವುದು ಅಂದರೆ ಅದನ್ನು ಹೊರಡಿಸಿ ಕಳಿಸಿದ ಹಾಗೆ.

ಆದ್ದರಿಂದ ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಮಸಾಜ್ ಬೇಡ, ಡಾಕ್ಟರ ಹತ್ತಿರ ಹೋಗಿ. ಹೆರಿಗೆಯಾದ ಮೇಲಿನ ಆರು ವಾರ, ದೊಡ್ಡ ಆಪರೇಶನ್ ಆದಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮೇಲೆ, ಬಹಳ ಹೊತ್ತು ಕೂತು ಪ್ರಯಾಣ ಮಾಡಿದ ಮೇಲೆ ಇದರ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಇರಲಿ.

ಜ್ವರ ಇದ್ದಾಗಲೂ ಬೇಡ. ಚರ್ಮದ ಮೇಲೆ ಗಾಯ, ಕೀವು, ಸರ್ಪಸುತ್ತು, ಹರಡುವ ತುರಿಕೆ ಇದ್ದಾಗಲೂ ಬೇಡ. ಅಜೀರ್ಣ ಆದವರಿಗೆ, ಕಫ ಕಟ್ಟಿದವರಿಗೆ ಅಭ್ಯಂಗ, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದು, ಕೂಡದು ಎಂದು ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯದಲ್ಲೇ ಇದೆ. ಹೊಟ್ಟೆ ಸರಿಯಿಲ್ಲದ ದಿನ ನಮ್ಮ ಕಡೆ ಅಜ್ಜಿಯಂದಿರೂ "ಇವತ್ತು ಎಣ್ಣೆ ನೀರು ಬೇಡ" ಅನ್ನುತ್ತಾರೆ. ವಾರ್ಫರಿನ್, ಅಸಿಟ್ರೋಮ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಜೋರಾಗಿ ಒತ್ತಿದರೆ ಒಳಗೇ ರಕ್ತ ಕಟ್ಟುತ್ತದೆ. ಮೂಳೆ ಸವೆದ ವಯಸ್ಸಾದವರಿಗೆ ಬೆನ್ನಿನ ಮೇಲೆ ಭಾರ ಹಾಕಿ ಒತ್ತಿದರೆ ಮೂಳೆಯೇ ಬಿರುಕು ಬಿಡಬಹುದು. ಇವರಿಬ್ಬರಿಗೂ ಮಸಾಜ್ ಪೂರ್ತಿ ನಿಷೇಧ ಅಂತಲ್ಲ. ಡಾಕ್ಟರನ್ನು ಕೇಳಿ, ಹಗುರ ಕೈಯಲ್ಲಿ ನೀವಿಸಿಕೊಳ್ಳಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರೂ ತಮ್ಮ ಡಾಕ್ಟರನ್ನು ಕೇಳದೆ ಹೋಗುವುದು ಬೇಡ.

ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದಿಯ ಸುತ್ತ ಮರಗಟ್ಟಿದ್ದರೆ, ಕಾಲಲ್ಲಿ ಶಕ್ತಿ ಕುಂದುತ್ತಿದ್ದರೆ ಒಂದು ದಿನವನ್ನೂ ಮಸಾಜ್‌ಗೆ ಅಂತ ಕಳೆಯಬೇಡಿ. ಅದು ಆಪರೇಶನ್ ಬೇಕಾಗುವ ತುರ್ತು ಸ್ಥಿತಿ ಆಗಿರಬಹುದು. ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ಮಲಗಿದಾಗಲೇ ಹೆಚ್ಚಾಗುವ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಇವಕ್ಕೂ ಮೊದಲು ಡಾಕ್ಟರೇ.

ಬರೀ ಹಾಯಾಗಬೇಕು ಅನ್ನುವವರಿಗೆ

ಇಂಥದೇ ಜಾಗ ಅಂತ ನೋವಿಲ್ಲ, ಆದರೆ ಮೈಯೆಲ್ಲ ಭಾರ, ನಿದ್ದೆ ಸರಿಯಿಲ್ಲ, ತಲೆ ತುಂಬ ಕೆಲಸ ಅನ್ನುವವರು ಡೀಪ್ ಟಿಶ್ಯೂ ಕೇಳಲೇಬೇಡಿ. ನಿಮಗೆ ಬೇಕಾದದ್ದು ನಿಧಾನದ, ಉದ್ದುದ್ದ ನೀವುವ ಕೈ. ಸ್ವೀಡಿಶ್ ಅನ್ನುವುದೂ ಅದೇ, ನಮ್ಮ ಅಭ್ಯಂಗವೂ ಹೆಚ್ಚುಕಮ್ಮಿ ಅದೇ.

ಸ್ವೀಡಿಶ್ ಮಸಾಜ್ ಅನ್ನುವ ಕ್ರಮವನ್ನು 19ನೇ ಶತಮಾನದಲ್ಲಿ ಒಪ್ಪ ಮಾಡಿದವನು ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್‌ಗರ್. ಅದರಲ್ಲಿ ಇರುವುದು ನೀವುವುದು, ಚಪಾತಿ ಹಿಟ್ಟಿನ ಹಾಗೆ ನಾದುವುದು, ಬೆರಳಲ್ಲಿ ಸುತ್ತಿ ಉಜ್ಜುವುದು, ಅಂಗೈಯ ಅಂಚಿನಲ್ಲಿ ತಟ್ಟುವುದು, ನಡುಗಿಸುವುದು. ಎಣ್ಣೆ ಕಮ್ಮಿ, ಕೈಯ ಕೆಲಸ ಹೆಚ್ಚು. ಅಭ್ಯಂಗದಲ್ಲಿ ಬೆಚ್ಚಗಿನ ಎಣ್ಣೆಯೇ ಪ್ರಧಾನ, ಕೈ ಅದನ್ನು ಮೈಗೆ ಹತ್ತಿಸುತ್ತದೆ. ಸಾಮಾನ್ಯವಾಗಿ ಇಬ್ಬರು ಎರಡು ಬದಿ ನಿಂತು ಒಂದೇ ಲಯದಲ್ಲಿ ಮಾಡುತ್ತಾರೆ, ಆಮೇಲೆ ಹಬೆ, ಬಿಸಿನೀರಿನ ಸ್ನಾನ. ಚರ್ಮ ಒಣಗುವವರಿಗೆ, ವಯಸ್ಸಾದವರಿಗೆ, ಚಳಿಗಾಲದಲ್ಲಿ ಕೀಲು ಬಿಗಿಯುವವರಿಗೆ ನಾನು ಅಭ್ಯಂಗವನ್ನೇ ಹೇಳುತ್ತೇನೆ. ಎಣ್ಣೆಯ ಜಿಡ್ಡು ಆಗದವರಿಗೆ, ಮಾಡಿಸಿಕೊಂಡು ತಕ್ಷಣ ಕೆಲಸಕ್ಕೆ ಓಡಬೇಕಾದವರಿಗೆ ಸ್ವೀಡಿಶ್ ಸಾಕು.

ಇದಕ್ಕೆ ದುಡ್ಡು ಕೊಡಲೇಬೇಕು ಅಂತಲೂ ಇಲ್ಲ. ನಿತ್ಯ ಎಣ್ಣೆ ಹಚ್ಚಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚಿ ಅನ್ನುವ ಅರ್ಥದ ಮಾತು ಅಷ್ಟಾಂಗಹೃದಯದಲ್ಲಿದೆ. ರಾತ್ರಿ ಮಲಗುವ ಮೊದಲು ಎರಡು ಚಮಚ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ಹತ್ತು ನಿಮಿಷ ತಿಕ್ಕಿಕೊಳ್ಳಿ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಬನ್ನಿ. ನಿದ್ದೆಗೆ ಇದು ಬಹಳ ಜನಕ್ಕೆ ಆಗಿಬರುತ್ತದೆ. ನೆಲಕ್ಕೆ ಕಾಲಿಡುವ ಮೊದಲು ಎಣ್ಣೆ ಒರೆಸಿಕೊಳ್ಳಿ, ಮೊಸಾಯಿಕ್ ನೆಲದಲ್ಲಿ ಜಾರಿ ಬಿದ್ದು ನನ್ನ ಹತ್ತಿರ ಬಂದವರಿದ್ದಾರೆ.

ಶಿರೋಧಾರೆಯನ್ನು ಮಸಾಜ್ ಪಟ್ಟಿಯಲ್ಲಿ ಬರೆದಿರುತ್ತಾರೆ, ಆದರೆ ಅದು ಹಣೆಯ ಮೇಲೆ ಎಣ್ಣೆಯೋ ಮಜ್ಜಿಗೆಯೋ ಧಾರೆಯಾಗಿ ಬೀಳಿಸುವ ಬೇರೆಯೇ ಚಿಕಿತ್ಸೆ. ಅದನ್ನು ಆಯುರ್ವೇದ ವೈದ್ಯರು ನೋಡಿ ಹೇಳಿದರೆ ಮಾತ್ರ ಮಾಡಿಸಿ.

ಕುತ್ತಿಗೆ, ಹೆಗಲು: ಒಂದೇ ಜಾಗ ಹಿಡಿದುಕೊಂಡಾಗ

ನಮ್ಮ ಜಿಲ್ಲೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ನನ್ನ ಕ್ಲಿನಿಕ್ಕಿಗೆ ಬರುವವರ ಮುಖವೇ ಬದಲಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು, ತಲೆ ಬಗ್ಗಿಸಿ, ರಾತ್ರಿ ಬಹಳ ಹೊತ್ತಿನವರೆಗೆ ಸುಲಿಯುವ ಹೆಂಗಸರಿಗೆ ಬರುವ ನೋವು ಹೆಚ್ಚಾಗಿ ಒಂದೇ ಜಾಗದಲ್ಲಿ: ಬೆನ್ನಿನ ರೆಕ್ಕೆಮೂಳೆಯ ಒಳಗಿನ ಮೇಲ್ತುದಿಯಿಂದ ಕುತ್ತಿಗೆಯ ಬದಿಗೆ ಏರುವ ಮಾಂಸಖಂಡದಲ್ಲಿ. ಅಲ್ಲಿ ಹೆಬ್ಬೆರಳು ಇಟ್ಟರೆ ಹುರಿಗಟ್ಟಿದ ಒಂದು ಎಳೆ ಸಿಗುತ್ತದೆ. ಒತ್ತಿದರೆ ನೋವು ಕಿವಿಯ ಹಿಂದಕ್ಕೆ ಹರಿಯುತ್ತದೆ, "ಅದೇ ಅದೇ, ಅಲ್ಲೇ" ಅನ್ನುತ್ತಾರೆ. ಲ್ಯಾಪ್‌ಟಾಪ್ ಹುಡುಗರಲ್ಲಿಯೂ ಅದೇ ಜಾಗ, ಅದೇ ಮಾತು.

ಇಂಥದಕ್ಕೆ ಇಡೀ ಮೈಗೆ ಒಂದೂವರೆ ಗಂಟೆಯ ಮಸಾಜ್ ಕೊಡಿಸಿದರೆ ಆ ಹೊತ್ತಿಗೆ ಸುಖ ಅನ್ನಿಸುತ್ತದೆ, ನೋವು ಅಲ್ಲೇ ಇರುತ್ತದೆ. ಅರ್ಧ ಗಂಟೆ, ಕುತ್ತಿಗೆ ಮತ್ತು ಹೆಗಲಿಗೆ ಮಾತ್ರ ಕೇಳಿ. ಡೀಪ್ ಟಿಶ್ಯೂ, ಟ್ರಿಗರ್ ಪಾಯಿಂಟ್ ಅನ್ನುವ ವಿಧಾನಗಳು ಒದಗುವುದು ಇಲ್ಲಿಯೇ. ಡೀಪ್ ಟಿಶ್ಯೂ ಅಂದರೆ ಬಲ ಹಾಕುವುದು ಅಂತ ಅರ್ಥ ಮಾಡಿಕೊಂಡವರ ಕೈಗೆ ಸಿಕ್ಕಿಬೀಳಬೇಡಿ. ಬಲ್ಲವರು ಮೊದಲು ಐದಾರು ನಿಮಿಷ ಮೇಲ್ಮೈಯನ್ನು ಬೆಚ್ಚಗೆ ಮಾಡುತ್ತಾರೆ, ಆಮೇಲೆ ಮೆಲ್ಲಗೆ ಒಳಗಿಳಿಯುತ್ತಾರೆ, ಒಂದು ಬಿಂದುವಿನಲ್ಲಿ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ನಿಂತು ಮಾಂಸ ಸಡಿಲವಾಗುವುದನ್ನು ಕಾಯುತ್ತಾರೆ. ನಿಮ್ಮ ಉಸಿರು ಸರಾಗವಾಗಿ ಆಡುತ್ತಿದ್ದರೆ ಒತ್ತಡ ಸರಿಯಾಗಿದೆ. ಉಸಿರು ಬಿಗಿಹಿಡಿದಿದ್ದೀರಿ, ಹಲ್ಲು ಕಚ್ಚಿದ್ದೀರಿ ಅಂದರೆ ಅದು ಹೆಚ್ಚಾಯಿತು, ಆ ಕ್ಷಣವೇ ಹೇಳಿ. ಹತ್ತರಲ್ಲಿ ಆರು ಅನ್ನಿಸುವ ನೋವಿಗಿಂತ ಮೇಲೆ ಹೋಗಲು ಬಿಡಬೇಡಿ. ತಡೆದುಕೊಂಡಷ್ಟೂ ಮಾಂಸಖಂಡ ಎದುರು ಬಿಗಿಯುತ್ತದೆ.

ಮರುದಿನ ಸ್ವಲ್ಪ ನೋವಿರುವುದು ಸಹಜ. ಎರಡು ದಿನ ದಾಟಿಯೂ ಇದ್ದರೆ, ಚರ್ಮ ನೀಲಿಗಟ್ಟಿದ್ದರೆ, ಕೈ ಜುಮ್ಮೆನ್ನಲು ಶುರುವಾದರೆ ಮಸಾಜ್ ಮಾಡಿದವರ ಹತ್ತಿರ ಮತ್ತೆ ಹೋಗಬೇಡಿ.

ಮಸಾಜ್ ಆದಮೇಲೆ ಕಾರಣವನ್ನು ಸರಿಮಾಡದಿದ್ದರೆ ವಾರದೊಳಗೆ ನೋವು ವಾಪಸ್. ನಮ್ಮ ತಲೆಯ ಭಾರವೇ ನಾಲ್ಕೂವರೆ, ಐದು ಕೆಜಿ. ಅದು ಮುಂದೆ ಬಾಗಿದಷ್ಟು ಹೊತ್ತೂ ಹಿಂದಿನ ಮಾಂಸಖಂಡ ಎಳೆದು ಹಿಡಿದಿರಬೇಕು. ಮೆಟ್ಟುಗತ್ತಿಯ ಕೆಳಗೆ ಒಂದು ಹಲಗೆ ಕೊಟ್ಟು ಅದನ್ನು ಎತ್ತರಿಸಿ, ಬೆನ್ನಿಗೆ ಗೋಡೆಯ ಆಸರೆ ಸಿಗುವ ಹಾಗೆ ಕೂತು, ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಕೇಳಿದವರು ಅದೇ ನೋವಿಗೆ ಮತ್ತೆ ಬರುವುದು ಅಪರೂಪ.

ಹೆಗಲ ಕೀಲೇ ಬಿಗಿದು ಕೈ ಮೇಲೇಳದಿದ್ದರೆ ಕಥೆ ಬೇರೆ. ಫ್ರೋಜನ್ ಶೋಲ್ಡರ್ ಅನ್ನುವ ಈ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ಅಲ್ಲಿ ಗಟ್ಟಿಯಾಗಿರುವುದು ಕೀಲಿನ ಸುತ್ತಲಿನ ಚೀಲ, ಎಷ್ಟು ತಿಕ್ಕಿದರೂ ಕೈ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ವ್ಯಾಯಾಮವೇ ಮದ್ದು.

ಸೊಂಟ

ಎದ್ದು ಕೂರಲು ಕಷ್ಟ, ಆದರೆ ಓಡಾಡಿದರೆ ಹಗುರ ಅನ್ನುವ ಸಾಮಾನ್ಯ ಸೊಂಟನೋವಿಗೆ ಮಸಾಜ್ ಕೆಲವು ದಿನಗಳ ಆರಾಮ ಕೊಡುತ್ತದೆ. ಆ ಆರಾಮದಲ್ಲಿ ನಡೆಯಲು, ವ್ಯಾಯಾಮಕ್ಕೆ ಶುರು ಮಾಡಿದರೆ ಲಾಭ. ಬರೀ ಮಲಗಿ ಮಾಡಿಸಿಕೊಳ್ಳುತ್ತಾ ಹೋದರೆ ದುಡ್ಡು ಹೋಗುತ್ತದೆ, ಸೊಂಟಕ್ಕೆ ಬಲ ಬರುವುದಿಲ್ಲ. ನೋವು ಪೃಷ್ಠದಿಂದ ಕಾಲಿನ ಕೆಳಗೆ ಹರಿಯುವ ಸಯಾಟಿಕಾದಲ್ಲಿ ಬೆನ್ನುಮೂಳೆಯ ಮೇಲೆ ನೇರ ಒತ್ತಡ ಬೇಡ. ಪಕ್ಕಕ್ಕೆ ಮಲಗಿಸಿ ಪೃಷ್ಠದ ಮಾಂಸಖಂಡವನ್ನು ಹದವಾಗಿ ಸಡಿಲ ಮಾಡಿದರೆ ಕೆಲವರಿಗೆ ಹಿತ. ಬೆನ್ನ ಮೇಲೆ ಕಾಲಿಟ್ಟು ತುಳಿಸಿಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕೇರಳದ ಕಳರಿ ಪರಂಪರೆಯಲ್ಲಿ ಹಗ್ಗ ಹಿಡಿದು ಪಾದದಿಂದ ನೀವುವ ವಿದ್ಯೆ ಇದೆ, ಆದರೆ ಅದು ವರ್ಷಗಟ್ಟಲೆ ಕಲಿತ ಗುರುಕ್ಕಳು ಗಟ್ಟಿ ಮೈಯ ಪಟುಗಳಿಗೆ ಮಾಡುವಂಥದು.

ಕಿಳಿ, ಪುಡಿ, ಥಾಯ್, ಓಟದವರ ಮಸಾಜ್

ಮಂಡಿ, ಬೆನ್ನು ಬಿಗಿದು ಬೆಳಗಿನ ಹೊತ್ತು ಬಗ್ಗಲಾಗದವರಿಗೆ ಎಲೆಕಿಳಿ, ಅಂದರೆ ಬಿಸಿ ಸೊಪ್ಪಿನ ಗಂಟಿನಿಂದ ಕಾವು ಕೊಡುವ ಪತ್ರಪಿಂಡ ಸ್ವೇದ, ಒಳ್ಳೆಯ ಆಯ್ಕೆ. ಲಕ್ಕಿ, ಎಕ್ಕ, ಹರಳು, ನುಗ್ಗೆ, ಹುಣಸೆ ಸೊಪ್ಪುಗಳನ್ನು ತೆಂಗಿನ ತುರಿ, ನಿಂಬೆಹಣ್ಣಿನ ಜೊತೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ತಟ್ಟುತ್ತಾರೆ. ಕೆಲಸ ಮಾಡುವುದು ಕಾವು. ಹಾಗಾಗಿಯೇ ಕೀಲು ಕೆಂಪಗಾಗಿ ಊದಿ ಬಿಸಿಯಾಗಿರುವಾಗ ಅದು ಬೇಡ, ಉರಿಯ ಮೇಲೆ ಉರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾದವರಿಗೆ ಕಾವು ಎಷ್ಟಿದೆ ಅನ್ನುವುದೇ ತಿಳಿಯುವುದಿಲ್ಲ. ಬೊಕ್ಕೆ ಎದ್ದು ವಾರಗಟ್ಟಲೆ ಮಾಯದ ಗಾಯ ಆಗಬಹುದು. ಅಂಥವರು ಮೊದಲೇ ಹೇಳಬೇಕು, ಮಾಡುವವರು ತಮ್ಮ ಮುಂಗೈಗೆ ತಾಗಿಸಿ ನೋಡಿಯೇ ಹಚ್ಚಬೇಕು. ಲಕ್ವ ಹೊಡೆದು ಕೈಕಾಲು ಸೊರಗಿದವರಿಗೆ ಆಯುರ್ವೇದ ವೈದ್ಯರು ಹಾಲು ಮತ್ತು ಬಲಾ ಗಿಡದ ಬೇರಿನ ಕಷಾಯದಲ್ಲಿ ಬೇಯಿಸಿದ ನವರ ಅಕ್ಕಿಯ ಕಿಳಿ ಬರೆಯುತ್ತಾರೆ. ಅದನ್ನು ಫಿಸಿಯೋಥೆರಪಿಯ ಜೊತೆಗೆ ಮಾಡಿಸಿ, ಬದಲಿಗೆ ಅಲ್ಲ.

ಉದ್ವರ್ತನ ಅಂದರೆ ಒಣ ಪುಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ತಿಕ್ಕುವುದು. ಚರ್ಮ ನುಣುಪಾಗುತ್ತದೆ, ಮೈ ಚುರುಕಾಗುತ್ತದೆ. ಆದರೆ "ಹತ್ತು ದಿನದಲ್ಲಿ ಇಷ್ಟು ಕೆಜಿ ಇಳಿಸುತ್ತೇವೆ" ಅನ್ನುವ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ತಿಕ್ಕಿದ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ. "ಮೈಯ ವಿಷವೆಲ್ಲ ಹೊರಗೆ ಬರುತ್ತದೆ" ಅನ್ನುವ ಮಾತಿಗೂ ಅಷ್ಟೇ ಬೆಲೆ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಥಾಯ್ ಮಸಾಜ್‌ನಲ್ಲಿ ಎಣ್ಣೆ ಇಲ್ಲ. ಸಡಿಲ ಬಟ್ಟೆ ತೊಟ್ಟು ನೆಲದ ಹಾಸಿಗೆಯ ಮೇಲೆ ಮಲಗಬೇಕು. ಅಂಗೈ, ಮೊಣಕೈ, ಮಂಡಿಗಳಿಂದ ಒತ್ತಿ, ಕೈಕಾಲು ಎಳೆದು ಬಾಗಿಸುತ್ತಾರೆ. ಬ್ಯಾಂಕಾಕಿನ ವಾಟ್ ಫೋ ದೇವಾಲಯ ಇದರ ಹೆಸರಾಂತ ಕಲಿಕೆಯ ಜಾಗ, 2019ರಲ್ಲಿ ಥಾಯ್ ಮಸಾಜ್ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು. ಬಟ್ಟೆ ಬಿಚ್ಚಲು ಸಂಕೋಚ ಪಡುವವರಿಗೆ, ಮೈ ಬಿಗಿದ ಯುವಕರಿಗೆ ಚೆನ್ನ. ಡಿಸ್ಕ್ ತೊಂದರೆ, ಕೀಲು ಬದಲಿ ಆಪರೇಶನ್, ಮೂಳೆಸವೆತ ಇರುವವರಿಗೆ ಬೇಡ.

ಓಟ, ಕಬಡ್ಡಿ, ಜಿಮ್ ಮಾಡುವವರಿಗೆ ಹೊತ್ತು ಮುಖ್ಯ. ಆಟಕ್ಕೆ ಮೊದಲು ಹತ್ತು ನಿಮಿಷ ಚುರುಕಾಗಿ, ಹಗುರವಾಗಿ. ಆಟದ ನಂತರ ನಿಧಾನವಾಗಿ, ಹದವಾಗಿ. ಹೊಸ ವ್ಯಾಯಾಮದ ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಏರಿ, ಆಮೇಲೆ ತಾನೇ ಇಳಿಯುತ್ತದೆ. ಆಗ ಗಟ್ಟಿಯಾಗಿ ಒತ್ತಿಸಿಕೊಳ್ಳುವ ಅಗತ್ಯವಿಲ್ಲ, ಮಾರನೇ ದಿನವೇ ಪಂದ್ಯ ಇದ್ದರಂತೂ ಡೀಪ್ ಟಿಶ್ಯೂ ಬೇಡವೇ ಬೇಡ.

ಬಾಣಂತಿ, ಬಸುರಿ, ಮಗು

ಬಾಣಂತಿಯ ಎಣ್ಣೆ ನೀರು ನಮ್ಮ ಮಲೆನಾಡಿನ ಮನೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಡೆದುಬಂದ ಪದ್ಧತಿ. ಬಚ್ಚಲ ಹಂಡೆಗೆ ಬೆಂಕಿ ಹಾಕಿ, ಬೆನ್ನಿಗೂ ಸೊಂಟಕ್ಕೂ ಎಣ್ಣೆ ತಿಕ್ಕಿ ನೀರು ಹೊಯ್ಯುವ ಆ ಆರೈಕೆಯನ್ನು ನಾನು ತುಂಬ ಗೌರವಿಸುತ್ತೇನೆ. ದಿನಕ್ಕೆ ಒಂದು ಗಂಟೆಯಾದರೂ ತಾಯಿಯನ್ನು ಮಗುವಿನಿಂದ ಬಿಡಿಸಿ, ಅವಳ ಮೈಯನ್ನು ಬೇರೆಯವರು ನೋಡಿಕೊಳ್ಳುವ ಹೊತ್ತು ಅದು. ಅದನ್ನು ಬಿಡಬೇಡಿ, ತಿದ್ದಿಕೊಳ್ಳಿ. ಸಹಜ ಹೆರಿಗೆಯಾದರೆ, ಡಾಕ್ಟರು ಸರಿ ಅಂದ ಮೇಲೆ, ಕೆಲವೇ ದಿನಗಳಲ್ಲಿ ಬೆನ್ನು, ಹೆಗಲು, ಕೈಕಾಲಿಗೆ ಹಗುರವಾಗಿ ಶುರು ಮಾಡಬಹುದು. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಮೇಲೆ ಕೈ ಬೇಡ. ಗಾಯ ಪೂರ್ತಿ ಮಾಯ್ದು, ಆರು ವಾರದ ತಪಾಸಣೆಯಲ್ಲಿ ಡಾಕ್ಟರು ಒಪ್ಪಿದ ಮೇಲೆ ನೋಡೋಣ. ಹೊಲಿಗೆಯ ಮೇಲೆ ಕುದಿನೀರು ಹೊಯ್ಯಬೇಡಿ. ಪ್ರತಿದಿನ ಎಣ್ಣೆ ಹಚ್ಚುವ ಮೊದಲು ಎರಡೂ ಮೀನಖಂಡ ಒಂದೇ ಹದದಲ್ಲಿವೆಯೋ ನೋಡಿಕೊಳ್ಳಿ, ಯಾಕೆ ಅನ್ನುವುದನ್ನು ಮೇಲೆ ಹೇಳಿದ್ದೇನೆ.

ಬಸುರಿಯರು ಮೊದಲ ಮೂರು ತಿಂಗಳು ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಐದನೇ ತಿಂಗಳ ನಂತರ ಅಂಗಾತ ಬಹಳ ಹೊತ್ತು ಮಲಗಬಾರದು, ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರುತ್ತದೆ. ಎಡಕ್ಕೆ ಮಗ್ಗುಲಾಗಿ ಮಲಗಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಂಡು ಸೊಂಟ, ಪಾದಗಳಿಗೆ ಹಗುರವಾಗಿ ಮಾಡಿಸಿಕೊಳ್ಳಬಹುದು. ಹೊಟ್ಟೆಗೆ ಬೇಡ.

ಮಗುವಿಗೆ ಎಣ್ಣೆ ಹಚ್ಚಿ, ಮುದ್ದಾಗಿ ನೀವಿ, ಅದರ ಮುಖ ನೋಡಿ ಮಾತಾಡುತ್ತಾ ನೀವಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ತಲೆ ದುಂಡಗಾಗಲಿ, ಮೂಗು ನೇರವಾಗಲಿ ಅಂತ ಒತ್ತಬೇಡಿ. ಹುಟ್ಟಿದ ಮಗುವಿನ ಎದೆಯಲ್ಲಿ ಗಂಟಿನ ಹಾಗೆ ಇರುವುದನ್ನು ಹಿಂಡಿ ಹಾಲು ತೆಗೆಯುವ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ಮುಟ್ಟದಿದ್ದರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ.

ಊದಿದ ಕೈ, ಊದಿದ ಕಾಲು

ಸ್ತನದ ಕ್ಯಾನ್ಸರ್ ಆಪರೇಶನ್ ಆದ ಕೆಲವರಿಗೆ ಆ ಕಡೆಯ ಕೈ ಊದುತ್ತದೆ. ದುಗ್ಧರಸದ (ಲಿಂಫ್) ದಾರಿ ಕಟ್ಟಿದ್ದರಿಂದ ಬರುವ ಊತ ಅದು. ಇದಕ್ಕೆ ಬೇಕಾದದ್ದು ಮ್ಯಾನುವಲ್ ಲಿಂಫ್ ಡ್ರೈನೇಜ್, ಡೆನ್ಮಾರ್ಕಿನ ಎಮಿಲ್ ವೋಡರ್ ದಂಪತಿ 1930ರ ದಶಕದಲ್ಲಿ ರೂಪಿಸಿದ ವಿಧಾನ. ಚರ್ಮ ಸ್ವಲ್ಪ ಸರಿಯುವಷ್ಟೇ ಒತ್ತಡ. ನೋಡುವವರಿಗೆ ಏನೂ ಮಾಡುತ್ತಿಲ್ಲ ಅನ್ನಿಸುವಷ್ಟು ಹಗುರ. ಜೊತೆಗೆ ಬ್ಯಾಂಡೇಜು ಸುತ್ತುವುದು, ಚರ್ಮ ಚೊಕ್ಕವಾಗಿಡುವುದು, ವ್ಯಾಯಾಮ. ಆ ಕೈಯನ್ನು ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಊತ ಹೆಚ್ಚಾಗುತ್ತದೆ. ಆನೆಕಾಲಿನ ಊತಕ್ಕೂ ಇದೇ ದಾರಿ. ಕಾಸರಗೋಡಿನ ಇನ್ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಯುರ್ವೇದ, ಯೋಗ, ಬ್ಯಾಂಡೇಜು ಸೇರಿಸಿ ಇದಕ್ಕೆ ಚಿಕಿತ್ಸೆ ಕೊಡುತ್ತಾರೆ. ಈ ವಿಧಾನವನ್ನು ಸ್ಪಾದಲ್ಲಿ ಹುಡುಕಬೇಡಿ, ಇದಕ್ಕೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬೇಕು.

ಉಳುಕು ಮತ್ತು ಲಟಿಕೆ

ಕಾಲು ಉಳುಕಿದ ದಿನವೇ ತಿಕ್ಕಿಸಬೇಡಿ. ಮೊದಲ ಎರಡು ಮೂರು ದಿನ ಒಳಗೆ ರಕ್ತ ಸೋರುತ್ತಿರುತ್ತದೆ. ಐಸ್ ಇಡಿ, ಬ್ಯಾಂಡೇಜು ಸುತ್ತಿ, ಕಾಲು ಎತ್ತರಿಸಿ. ಆ ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಆಗಲಿ. ಮೂಳೆ ಬಿರುಕಿದ್ದನ್ನು ಉಳುಕು ಅಂತ ಎಳೆಸಿಕೊಂಡು ಬಂದ ಕೊನೆಗಾರರನ್ನು ನೋಡಿದ್ದೇನೆ. ಅವರಿಗೆ ಕಾಲೇ ಅನ್ನ. ಎಳೆದವರ ಕೈಗುಣದ ಬಗ್ಗೆ ಊರಲ್ಲಿ ಎಷ್ಟೇ ಒಳ್ಳೆ ಮಾತಿರಲಿ, ಕಣ್ಣಿಗೆ ಕಾಣದ ಬಿರುಕು ಬೆರಳಿಗೂ ಸಿಗುವುದಿಲ್ಲ.

ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟಕ್ಕನೆ ತಿರುಗಿಸುತ್ತಾರಲ್ಲ, ಅದನ್ನು ಬೇಡ ಅಂತ ಕೂರುವ ಮೊದಲೇ ಹೇಳಿ. ಕುತ್ತಿಗೆಯ ಮೂಳೆಗಳೊಳಗಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹಠಾತ್ ತಿರುಚಿದಾಗ ಹರಿಯಬಹುದು, ಲಕ್ವ ಹೊಡೆಯಬಹುದು. ಅಪರೂಪ ಹೌದು, ಆದರೆ ಮೂವತ್ತರ ಹರೆಯದವರಿಗೂ ಆದ ದಾಖಲೆಗಳಿವೆ. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಅಲ್ಲಿಗೆ ಸಾಕು.

ಯಾರ ಹತ್ತಿರ ಹೋಗಬೇಕು

ನೋವಿಗೆ ಅಂತಾದರೆ ಫಿಸಿಯೋಥೆರಪಿಸ್ಟ್, ಅಥವಾ ಬಿಎಎಂಎಸ್ (ಆಯುರ್ವೇದ), ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗ) ಓದಿದ ವೈದ್ಯರು ಮೊದಲು ನೋಡಿ ಬರೆದುಕೊಡುವ ಜಾಗ ಆರಿಸಿ. ಬರೀ ವಿಶ್ರಾಂತಿಗೆ ಅಂತಾದರೆ ತರಬೇತಿ ಪಡೆದವರಿರುವ ಸ್ಪಾ ಆಗುತ್ತದೆ. ಕಲಿತದ್ದು ಎಲ್ಲಿ, ಎಷ್ಟು ತಿಂಗಳ ಕೋರ್ಸು ಅಂತ ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮನ್ನು ಏನೂ ಕೇಳದೆ ಮೇಜಿನ ಮೇಲೆ ಮಲಗಿಸುವ ಜಾಗದಿಂದ ಎದ್ದು ಬನ್ನಿ. ಬಿಪಿ, ಸಕ್ಕರೆ, ಆಪರೇಶನ್, ಮಾತ್ರೆ, ಅಲರ್ಜಿ ಇಷ್ಟನ್ನಾದರೂ ಅವರು ಕೇಳಲೇಬೇಕು.

ಹೆಂಗಸರಿಗೆ ಹೆಂಗಸರೇ ಬೇಕು ಅಂದರೆ ಬುಕ್ ಮಾಡುವಾಗಲೇ ಹೇಳಿ. ಎಷ್ಟು ಬಟ್ಟೆ ತೆಗೆಯಬೇಕು ಅನ್ನುವುದು ನಿಮ್ಮ ತೀರ್ಮಾನ. ಕೆಲಸ ನಡೆಯುತ್ತಿರುವ ಭಾಗ ಬಿಟ್ಟು ಉಳಿದ ಮೈ ಟವೆಲ್‌ನಿಂದ ಮುಚ್ಚಿರಬೇಕು. ಯಾವ ಸ್ಪರ್ಶ ಹಿಡಿಸದಿದ್ದರೂ, ಕಾರಣ ಹೇಳಲಾಗದಿದ್ದರೂ, "ನಿಲ್ಲಿಸಿ" ಅಂದರೆ ಕೈ ನಿಲ್ಲಬೇಕು. ವಯಸ್ಸಾದ ಅಮ್ಮನನ್ನು ಕರೆದುಕೊಂಡು ಹೋದರೆ ಅವರ ಜೊತೆ ಒಳಗೇ ಕೂರಿ, ಅವರು ನೋವಾದರೂ ಬಾಯಿಬಿಟ್ಟು ಹೇಳುವುದಿಲ್ಲ.

ಎಣ್ಣೆ ಯಾವುದು ಅಂತ ಕೇಳಿ, ಹಿಂದಿನ ದಿನವೇ ಮುಂಗೈಯ ಒಳಬದಿಗೆ ಒಂದು ಹನಿ ಹಚ್ಚಿ ನೋಡಿ. ಕೀಲಿಗೆ ಮಹಾನಾರಾಯಣ, ಬಾಣಂತಿಗೆ ಧನ್ವಂತರ, ಸುಮ್ಮನೆ ಮೈಗೆ ಎಳ್ಳೆಣ್ಣೆ ಅನ್ನುವುದು ರೂಢಿ. ನಮ್ಮ ಕರಾವಳಿ ಕಡೆಯವರಿಗೆ ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆಯೇ ಹಿತ. ಊಟ ಮಾಡಿ ಎರಡು ಗಂಟೆಯಾದರೂ ಕಳೆದಿರಲಿ.

ಮೊದಲ ಸಲ ಹೋದಾಗಲೇ ಹತ್ತು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಅರ್ಧ ಗಂಟೆ ಮಾಡಿಸಿ, ಮೂರನೇ ದಿನ ಮೈ ಹೇಗಿದೆ ನೋಡಿ. ಮೇಜಿನಿಂದ ಎದ್ದ ಕೂಡಲೇ ಎಲ್ಲವೂ ಹಗುರ ಅನ್ನಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ದಿನ ಕುತ್ತಿಗೆ ಸ್ವಲ್ಪ ಹೆಚ್ಚು ತಿರುಗುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮೊದಲು ಆಗದಿದ್ದ ಕೆಲಸ ಆಗುತ್ತಿದೆಯೇ? ಹೌದಾದರೆ ಮುಂದುವರಿಸಿ, ವಾರಕ್ಕೊಂದು ಸಾಕು. ಮೂರು ನಾಲ್ಕು ಸಲವಾದರೂ ಏನೂ ಬದಲಾಗದಿದ್ದರೆ ಬೇರೆ ಮಸಾಜ್ ಹುಡುಕುವ ಮೊದಲು ಡಾಕ್ಟರ ಹತ್ತಿರ ಹೋಗಿ, ಆ ನೋವಿನ ಮೂಲ ಎಲ್ಲಿದೆ ಅಂತ ತೋರಿಸಿಕೊಳ್ಳಿ.